ಶುರು ನಂದು, ಮುಗಿಸೋದು ನಿಂದು

ಶವಪೆಟ್ಟಿಗೆ ಮನೆಯ ಬಾಗಿಲಲ್ಲೇ ಸಿಕ್ಕಿಕೊಂಡಿತು. ಹೊತ್ತವರೆಲ್ಲ ಬಸ್ ಡಿಪೋದವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿತ್ತು ಅವರ ಕೆಲಸ.

"ಹೋಲ್ಡಾನ್," ಎಂದಳು ಕಂಡಕ್ಟರ್. "ಸ್ವಲ್ಪ ಹಿಂದಕ್ಕೆ ಬರ್ಲಿ... ಬರ್ಲಿ... ಬಲಕ್ಕೆ ಕಟ್ ಮಾಡಿ. ರೈಟ್."

ಪೆಟ್ಟಿಗೆ ಸಲೀಸಾಗಿ ಹೊರಬಂತು.

"ಬದುಕಿದ್ದಾಗ್ಲೂ ಅಷ್ಟೇ, ಇವಳು ಹೇಳ್ದೆ ಕದಲ್ತಿರ್ಲಿಲ್ಲ," ಎಂದರು ತೀರಿಕೊಂಡ ಡ್ರೈವರ್‌ನ ಹೆಂಡತಿ. ಅಳುತ್ತಿದ್ದವರೂ ನಕ್ಕರು.

ಕಂಡಕ್ಟರ್‌ಗೆ ಮಾತ್ರ ನಗು ಬರಲಿಲ್ಲ. ಸಮಾಧಿಯ ಬಳಿ ಪ್ರಾರ್ಥನೆ ಮುಗಿಸುವವಳು ನೀನೇ ಎಂದು ಡ್ರೈವರ್ ಆಸ್ಪತ್ರೆಯಲ್ಲಿ ಮಾತು ತೆಗೆದುಕೊಂಡಿದ್ದರು. ತುಂಬಿದ ಬಸ್ಸಿನಲ್ಲಿ ಗಂಟಲು ಹರಿದುಕೊಳ್ಳುವವಳಿಗೆ, ನಾಲ್ಕು ಜನರೆದುರು ದೇವರ ಹತ್ತಿರ ಮಾತಾಡು ಎಂದರೆ ನಾಲಿಗೆಯೇ ಹೊರಳುತ್ತಿರಲಿಲ್ಲ.

*

ಬೆಳಗಿನ ಮೊದಲ ಟ್ರಿಪ್‌ಗೆ ಮುಂಚೆ ಖಾಲಿ ಬಸ್ಸಿನಲ್ಲಿ ಡ್ರೈವರ್ ಬೈಬಲ್ ಓದಿ, ಪ್ರಾರ್ಥನೆ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ ಅವಳನ್ನು ಮೊಣಕೈಯಿಂದ ತಿವಿಯುತ್ತಿದ್ದರು.

"ಶುರು ನಂದು, ಮುಗಿಸೋದು ನಿಂದು."

"ನಂಗೆ ಬರಲ್ಲ ಅಣ್ಣ."

"ಪಕ್ಕದಲ್ಲಿ ಕೂತು ನೋಡಿದ್ರೆ ಡ್ರೈವಿಂಗ್ ಬರುತ್ತೇನಮ್ಮ? ಸ್ಟೀರಿಂಗ್ ಹಿಡೀಬೇಕು. ನಂಗೆ ಕಲಿಸಿದವ್ರೂ ಹೀಗೇ ತಿವಿದ್ರು. ನಾಳೆ ನೀನೂ ಯಾರನ್ನಾದ್ರೂ ತಿವಿ."

ಮೊದಲ ದಿನ ಅವಳು ಗಡಿಬಿಡಿಯಲ್ಲಿ ಎರಡು ಮಾತಾಡಿ, ಆಮೆನ್ ಎನ್ನುವ ಬದಲು "ರೈಟ್" ಎಂದುಬಿಟ್ಟಳು. ಡ್ರೈವರ್ ಕಣ್ಣು ಮುಚ್ಚಿಕೊಂಡೇ ಬಸ್ ಸ್ಟಾರ್ಟ್ ಮಾಡಿದರು.

"ದೇವ್ರಿಗೆ ಅರ್ಥ ಆಗಿರುತ್ತೆ ಬಿಡು," ಎಂದರು.

ಅವರು ಹಾಸಿಗೆ ಹಿಡಿದ ಮೇಲೆ ಅದೇ ಖಾಲಿ ಬಸ್ಸಿನಲ್ಲಿ ಅವಳು ಡಿಪೋದ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ತಿವಿಯತೊಡಗಿದ್ದಳು. ಆದರೆ ಅಲ್ಲಿ ಇರುತ್ತಿದ್ದದ್ದು ಇಬ್ಬರೇ.

*

ಸಮಾಧಿಯ ಬಳಿ ಊರಿಗೆ ಊರೇ ಸೇರಿತ್ತು. ಪಾಸ್ಟರ್ ಪ್ರಾರ್ಥನೆ ಶುರು ಮಾಡಿದರು, ಅರ್ಧಕ್ಕೆ ನಿಲ್ಲಿಸಿದರು, ಪಕ್ಕದಲ್ಲಿದ್ದ ಕಂಡಕ್ಟರ್‌ಗೆ ಮೊಣಕೈಯಿಂದ ತಿವಿದರು. ಅವಳು ಬೆಚ್ಚಿ ಕಣ್ಣು ಬಿಟ್ಟಳು.

"ನೀವೂನಾ?"

"ನಂಗೂ ಅವ್ರೇ ಕಲಿಸಿದ್ದು," ಎಂದು ಪಾಸ್ಟರ್ ಪಿಸುಗುಟ್ಟಿದರು.

ಅವಳಿಗೆ ಅಷ್ಟು ಸಾಕಾಯಿತು.

"ದೇವರೇ, ಅಣ್ಣ ಯಾವತ್ತೂ ಯಾರನ್ನೂ ಸ್ಟಾಪಲ್ಲಿ ಬಿಟ್ಟು ಹೋದವ್ರಲ್ಲ. ಓಡಿ ಬರೋರಿಗೂ ನಿಲ್ಲಿಸ್ತಿದ್ರು. ನನ್ನನ್ನೂ ಹಂಗೇ ಹತ್ತಿಸ್ಕೊಂಡ್ರು. ಈಗ ಅವ್ರನ್ನ ನೀನು ಹತ್ತಿಸ್ಕೋ."

ದುಃಖ ಉಕ್ಕಿ ಬಂತು. ಹೇಳಬೇಕಾದ ಕೊನೆಯ ಮಾತು ನೆನಪಾಗಲಿಲ್ಲ. ಕೈ ತಾನಾಗಿಯೇ ಚಾಚಿ ಪೆಟ್ಟಿಗೆಯ ಬದಿಗೆ ಎರಡು ಸಲ ಬಡಿಯಿತು.

"ರೈಟ್."

ಪೆಟ್ಟಿಗೆ ಇಳಿಸುವ ಹಗ್ಗ ಹಿಡಿದಿದ್ದ ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡೇ ಕೈ ಸಡಿಲಿಸಿದ. ಉಳಿದವರೂ ಸಡಿಲಿಸಿದರು. ಪೆಟ್ಟಿಗೆ ಒಂದಿಷ್ಟೂ ಕುಲುಕದೆ ಮೆಲ್ಲಗೆ ಹೊರಟಿತು.