ಓಡುವ ಸರ್ವರ್‌ಗೆ ಕಟ್ಟಿದ ಪ್ರೋಬ್

ಅತ್ತೆ ಮಲಗಿದ್ದುದು ಕೆಳಗಿನ ತೀವ್ರ ನಿಗಾ ವಾರ್ಡಿನಲ್ಲಿ. ಸೊಸೆ ಕೂತಿದ್ದುದು ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ತಾನು ಕೆಲಸ ಮಾಡುವ ಸರ್ವರ್ ಕೋಣೆಯಲ್ಲಿ. ಬೆಳಗ್ಗೆಯಿಂದ ಅವಳ ಗಂಟಲಲ್ಲಿ ಒಂದು ಗುಟುಕು ನೀರೂ ಇಳಿದಿರಲಿಲ್ಲ.

ಇಳಿಯುವುದಾದರೂ ಹೇಗೆ? ಹಿಂದಿನ ದಿನ ಅತ್ತೆಯ ಎದೆಬಡಿತ ತಪ್ಪಿದಾಗ ದಾದಿಯರ ಮೇಜಿನ ಅಲಾರಂ ಕೂಗಿದ್ದು ತೀರಾ ತಡವಾಗಿ. ದಾದಿಯೊಬ್ಬಳು ಬೇರೆ ಕೆಲಸಕ್ಕೆಂದು ಆ ಹಾಸಿಗೆಯ ಹತ್ತಿರ ಬಂದಿದ್ದರಿಂದ ಬಚಾವು. ಎಲ್ಲ ಹಾಸಿಗೆಗಳ ಎದೆಬಡಿತವನ್ನು ಆ ಮೇಜಿಗೆ ಮುಟ್ಟಿಸುವ ಸರ್ವರ್ ಇತ್ತೀಚೆಗೆ ಆಗಾಗ ಗರ ಬಡಿದಂತೆ ನಿಂತುಬಿಡುತ್ತಿತ್ತು. ಆರಿಸಿ ಮತ್ತೆ ಚಾಲೂ ಮಾಡೋಣವೆಂದರೆ ವಾರ್ಡು ಭರ್ತಿ. ಅಷ್ಟು ಹೊತ್ತು ಯಾರ ಅಲಾರಮ್ಮೂ ಕೂಗದು. ಹಾಗಾಗಿ ಓಡುತ್ತಿರುವಾಗಲೇ ಅದರ ಒಳಗೆ, ಯಂತ್ರವನ್ನೆಲ್ಲ ಆಳುವ ಕರ್ನೆಲ್‌ನ ಒಳಗೆ, ಇಣುಕಬೇಕಿತ್ತು.

ಇಣುಕುವುದಕ್ಕೆ ಪ್ರೋಬ್ ಎಂಬ ಕೋಡಿನ ತುಣುಕು ಇದೆ. ಕರ್ನೆಲ್‌ನ ಒಂದು ಫಂಕ್ಷನ್ನಿನ, ಅಂದರೆ ಒಂದೇ ಕೆಲಸಕ್ಕೆಂದು ಬರೆದ ಪುಟ್ಟ ಪ್ರೋಗ್ರಾಮಿನ, ಬಾಗಿಲಿಗೆ ಅದನ್ನು ಕಟ್ಟಿದರೆ ಯಾರು ಬಂದರು, ಎಷ್ಟು ಹೊತ್ತು ಒಳಗಿದ್ದರು ಎಂದು ಬರೆದಿಡುತ್ತದೆ. ಆದರೆ ಅಪ್ಪಿತಪ್ಪಿ ಆ ಬರೆಯುವ ಫಂಕ್ಷನ್ನಿಗೇ ಕಟ್ಟಿದಿರೋ, ಮುಗಿಯಿತು ಕಥೆ. ಬರೆದೆ ಎಂದು ಬರೆದು, ಹಾಗೆ ಬರೆದದ್ದನ್ನೂ ಬರೆದು, ಯಂತ್ರ ಅಲ್ಲೇ ಮಕಾಡೆ ಮಲಗುತ್ತದೆ.

ಈ ವಿದ್ಯೆ ಕಲಿಸಿದ ಹಿರಿಯರು ಪಕ್ಕದಲ್ಲೇ ಕೂತಿದ್ದರು. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಚಹಾ ಸುರಿಯುವ ಮೊದಲು ಲೋಟ ಸೋರುತ್ತದೆಯೇ ಎಂದು ನೋಡುವ ಆಸಾಮಿ.

"ಆತುರಗಾರನಿಗೆ ಬುದ್ಧಿ ಮಟ್ಟ. ಖಾಲಿ ಮಷಿನ್ ಮೇಲೆ ಮೊದಲು ಕಟ್ಟಿ ನೋಡಿದ್ಯಾ?" ಎಂದರು.

"ನೋಡ್ದೆ ಸರ್. ಏನೂ ಆಗ್ಲಿಲ್ಲ."

"ತಾನಾಗೇ ಕಳಚೋ ಹಾಗೆ ಟೈಮರ್ ಇಟ್ಟಿದ್ದೀಯಾ? ಸರಿ, ಫಂಕ್ಷನ್ ಹೆಸರು ಜೋರಾಗಿ ಓದು."

ಓದಿದಳು. ಹೊರಗಿಂದ ಬರುವ ಎದೆಬಡಿತದ ಸುದ್ದಿಯನ್ನು ಒಳಗೆ ಬಿಟ್ಟುಕೊಳ್ಳುವ ಫಂಕ್ಷನ್ ಅದು.

"ಹೆದರಿಕೆ ಆಗ್ತಿದೆ ಸರ್. ಕೆಳಗಿರೋದು ನಮ್ಮತ್ತೆ."

"ಆಗ್ಲಿ ಬಿಡಮ್ಮ. ಹೆದರೋ ಕೈಗೆ ಎಚ್ಚರ ಇರತ್ತೆ."

ಎಂಟರ್ ಒತ್ತಿ ಪ್ರೋಬ್ ಕಟ್ಟಿದಳು. ಯಂತ್ರ ಸದ್ಯ ಮಲಗಲಿಲ್ಲ. ತೆರೆಯ ಮೇಲೆ ಸಾಲುಗಳು ದಬದಬ ಇಳಿದವು. ಒಂದೊಂದು ಎದೆಬಡಿತವೂ ಆ ಬಾಗಿಲಲ್ಲೇ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಟೈಮರ್ ಮುಗಿದು ಪ್ರೋಬ್ ಕಳಚಿತು. ಇನ್ನೆಷ್ಟು ಪ್ರೋಬ್ ಉಳಿದಿವೆ ಎಂದು ಯಂತ್ರವನ್ನು ಕೇಳಿದಳು. ಒಂದು ಎಂದಿತು.

"ನಾನು ಕಟ್ಟಿದ್ದೇ ಒಂದು, ಅದೂ ಹೋಯ್ತು. ಇದ್ಯಾವುದು ಸರ್, ಚಿನ್ನಿ ಅಂತಿದೆ?"

ಮೇಷ್ಟ್ರು ತೆರೆಯ ಹತ್ತಿರ ಬಗ್ಗಿ ಹೆಸರು ಓದಿದರು. ಚಿನ್ನಿ ಅವರ ಮೊಮ್ಮಗಳು. ಅವರು ಕಟ್ಟುವ ಪ್ರೋಬ್‌ಗಳಿಗೆಲ್ಲ ಅವಳದೇ ಹೆಸರು.

"ವಾರ್ಡು ಖಾಲಿ ಇದ್ದಾಗ ಕಟ್ಟಿದ್ದೆ," ಎಂದರು. "ಯಾರೋ ಕರೆದ್ರು, ಎದ್ದು ಹೋದೆ. ಒಂದ್ನಿಮಿಷದ ಕೆಲ್ಸಕ್ಕೆ ಟೈಮರ್ ಯಾಕೆ ಅಂತ..."

ರೋಗಿಗಳು ಹೆಚ್ಚಿದಂತೆಲ್ಲ ಅದೇ ಬಾಗಿಲಲ್ಲಿ ಉಳಿದ ಚಿನ್ನಿ ಬರೆಯುವುದೂ ಹೆಚ್ಚಿ, ಬಾಗಿಲೇ ಕಟ್ಟಿಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಸೊಸೆಗೆ ಮೈಯೆಲ್ಲ ಉರಿಯಿತು. ಹೊರಗಿನವರಾಗಿದ್ದರೆ ಜಾಡಿಸಿಬಿಡುತ್ತಿದ್ದಳು. ಇವರ ಮುಖ ನೋಡಿ ಬೈಗುಳ ನುಂಗಿದಳು.

"ತೆಗೀರಿ ಸರ್."

"ನನ್ ಕೈಲಾಗಲ್ಲ. ನೀನೇ ತೆಗಿ."

ತೆಗೆದಳು. ಬಾಗಿಲಲ್ಲಿ ತಡೆದಿದ್ದುದೆಲ್ಲ ಸರಾಗವಾಗಿ ಒಳಗೆ ಹರಿಯಿತು. ಇಬ್ಬರೂ ಉಸಿರು ಬಿಡುವಷ್ಟರಲ್ಲಿ ಕೆಳಗೆ ಅಲಾರಂ ಕೂಗಿತು. ತೆರೆಯ ಮೇಲೆ ಕೆಂಪಾಗಿದ್ದುದು ಅತ್ತೆಯ ಹಾಸಿಗೆ.

ಮೆಟ್ಟಿಲನ್ನು ಹೇಗೆ ಇಳಿದಳೋ ದೇವರೇ ಬಲ್ಲ. ಅವಳು ಮುಟ್ಟುವಷ್ಟರಲ್ಲಿ ದಾದಿಯರಿದ್ದರು, ಡಾಕ್ಟರ್ ಇದ್ದರು, ಸೂಜಿ ಚುಚ್ಚಿಯೂ ಆಗಿತ್ತು. "ಕೂಗಿದ ತಕ್ಷಣ ಬಂದ್ವಿ. ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತು," ಎಂದಳು ದಾದಿ.

ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು. "ಅದೇನೇ ಹಂಗೆ ಅಳ್ತೀಯ? ಇಷ್ಟು ಬೇಗ ಬೀಗದ ಕೈ ನಿನ್ ಕೈಗೆ ಕೊಡಲ್ಲ ನಾನು." ಆಮೇಲೆ ಬಾಗಿಲ ಕಡೆ ನೋಡಿದರು. "ಅವರ್ಯಾರು?"

"ನಮ್ ಮೇಷ್ಟ್ರು ಅತ್ತೆ. ಅಲಾರಂ ಸರಿ ಮಾಡಿದೋರು."

"ಅಲ್ಲಮ್ಮ," ಎಂದರು ಮೇಷ್ಟ್ರು ಹೊಸಿಲಾಚೆಯಿಂದಲೇ. "ಕೆಡಿಸಿದೋನು."

ಅತ್ತೆ ಅವರನ್ನೇ ನೋಡಿದರು. "ನಿಂತೇ ಇದ್ದಾರಲ್ಲೇ, ಕುರ್ಚಿ ಕೊಡು," ಎಂದರು.

ಸೊಸೆ ಕುರ್ಚಿ ಎಳೆದಳು. ಮೇಷ್ಟ್ರು ಕೂರಲಿಲ್ಲ.