ಒಂಬತ್ತು ದಿನದ ಆಣೆ

ಹೆಬ್ಬಾಳಕ್ಕೆ ಬಂದಿದ್ದ ಡೆನ್ಮಾರ್ಕಿನ ದನದ ಡಾಕ್ಟರರ ಜೇಬುಗಡಿಯಾರ ಕಳೆದದ್ದು ಐವತ್ತೊಂಬತ್ತರ ಮಾಗಿಯಲ್ಲಿ. ಅವರ ಮನೆಯೊಳಗೆ ಓಡಾಡುತ್ತಿದ್ದವಳು ಕಸಮುಸುರೆಯ ಮುನಿಕೃಷ್ಣಮ್ಮ ಒಬ್ಬಳೇ. ಅವಳ ಊರಾದ ಬ್ಯಾಟರಾಯನಪುರದ ಬಾಯಿಗೆ ಅಷ್ಟು ಸಾಲದೇ? ಅವಳು ಅದನ್ನು ಮುಟ್ಟಿಯೂ ಇರಲಿಲ್ಲ. ಆದರೂ ಬಾವಿಕಟ್ಟೆಯಲ್ಲಿ ಅವಳು ಬಂದರೆ ಹೆಂಗಸರು ಬಿಂದಿಗೆಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು.

ಡಾಕ್ಟರು ಮಾತ್ರ ಅವಳನ್ನು ಏನೂ ಕೇಳಲಿಲ್ಲ. ಅವರ ಇಂಗ್ಲಿಷನ್ನು ಜೀಪಿನ ಡ್ರೈವರ್ ಖಾದರ್ ಬಾಷಾ ಕನ್ನಡಕ್ಕೆ ತಂದ: "ಅವ್ರ ದೇಶದಲ್ಲಿ ಸಾಕ್ಷಿ ಸಿಗೋವರ್ಗೂ ಯಾರೂ ಕಳ್ಳರಲ್ವಂತೆ ಅಮ್ಮಾ. ನೀನು ಬಾಯೇ ಬಿಡ್ಬೇಕಾಗಿಲ್ಲ."

ಒಳ್ಳೆಯ ಕಾನೂನೇ. ಆದರೆ ಮಾರನೆಯ ಬೆಳಿಗ್ಗೆ ಡಾಕ್ಟರರ ಬೀರುವಿಗೆ ಹೊಸ ಬೀಗ ಬಿದ್ದಿತ್ತು. ಮುನಿಕೃಷ್ಣಮ್ಮನ ಮೈ ಉರಿದುಹೋಯಿತು. ಊರಿಗೂ ಡಾಕ್ಟರರ ಮೌನದ ಮೇಲೆಯೇ ಗುಮಾನಿ. ಕೇಳಲೂ ಇಲ್ಲ, ಕೆಲಸ ಬಿಡಿಸಲೂ ಇಲ್ಲ ಎಂದರೆ ಒಳಗೊಳಗೇ ಏನೋ ಇದೆ ಎಂದು ಗುಸುಗುಸು ಹಬ್ಬಿತು.

"ನನ್ನ ಕೇಳಿ ಅನ್ನು ಅವ್ರಿಗೆ," ಎಂದಳು ಬಾಷಾನಿಗೆ. "ಮಾರಮ್ಮನ ಗುಡೀಲಿ ಎಲ್ರ ಮುಂದೆ ಕೇಳ್ಲಿ. ಕೇಳ್ದೇ ಇದ್ರೆ ನಾನೆಂಗೆ ಇಲ್ಲ ಅನ್ಲಿ?"

ಬಾಷಾ ಗಡ್ಡ ಕೆರೆದುಕೊಂಡ. "ನಮ್ಮ ಸಾಬ್ರಲ್ಲಿ ಎರಡೂ ಐತೆ. ದೂರು ಹೇಳೋನು ಸಾಕ್ಷಿ ತರ್ಬೇಕು. ಇಲ್ದಿದ್ರೆ ಇಲ್ಲ ಅನ್ನೋನು ಆಣೆ ಮಾಡ್ಬೇಕು. ಅಲ್ಲಿಗೆ ಖತಂ."

"ನಮ್ದು ಅಲ್ಲಿಗೆ ಮುಗಿಯಲ್ಲ ಬಾಷಾ. ಒಂಬತ್ ದಿನ ಕಾಯ್ಬೇಕು."

ಆಣೆ ಇಟ್ಟವರಿಗೆ ಆ ಒಂಬತ್ತು ದಿನದೊಳಗೆ ಜ್ವರವೋ ಹಾವೋ ತಗುಲಿದರೆ ಆಣೆ ಸುಳ್ಳು, ಅವರು ಕಳ್ಳರು. ಇದು ಊರಿನ ಕಟ್ಟಳೆ.

ಕೇಳಿದರೆ ಅನುಮಾನಪಟ್ಟಂತೆ, ನಾನು ಕೇಳುವುದಿಲ್ಲ ಎಂದರು ಡಾಕ್ಟರು. ಮುನಿಕೃಷ್ಣಮ್ಮ ಬೀಗದ ಕಡೆ ಬೆರಳು ತೋರಿಸಿದಳು. ಅವರ ಮುಖ ಕೆಂಪಾಯಿತು. ಟೋಪಿ ಎತ್ತಿಕೊಂಡು ಗುಡಿಗೆ ಹೊರಟೇಬಿಟ್ಟರು.

"ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ ನೋಡ್ಕೊಂಡ್ಳಂತೆ," ಎಂದು ಗುಡಿಯ ಮುಂದೆ ಊರ ಯಜಮಾನ ಮುನಿವೆಂಕಟಯ್ಯ ಮೀಸೆಯಲ್ಲೇ ನಕ್ಕ. ತನ್ನ ನೆರಳನ್ನೂ ನಂಬದ ಆಸಾಮಿ ಅವನು. ಗಡಿಯಾರ ತೆಗೆದೆಯಾ ಎಂದು ಡಾಕ್ಟರು ಕೇಳಿದರು, ಮುನಿಕೃಷ್ಣಮ್ಮ ಇಲ್ಲ ಎಂದು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದಳು.

ಅಂದಿನಿಂದ ಊರಿಗೆ ಊರೇ ಅವಳ ಕೆಮ್ಮು ಎಣಿಸತೊಡಗಿತು. ಆರನೆಯ ದಿನ ಜ್ವರ ಬಂದೇಬಂತು. ಎಂಥ ಹಾಳು ಗಳಿಗೆಯೋ! ತಾನು ಕದ್ದಿಲ್ಲವೆಂದು ಗೊತ್ತಿದ್ದ ದೇವಿಯೇ ಹೀಗೆ ಮಾಡಿದಳಲ್ಲ ಎಂದು ಅವಳಿಗೆ ಅಳು ಬಂತು. ಹಲ್ಲು ಕಚ್ಚಿಕೊಂಡು ನೀರು ಸೇದಿದಳು, ಹೆಬ್ಬಾಳದವರೆಗೆ ನಡೆದಳು, ಡಾಕ್ಟರರ ಹಿತ್ತಲಲ್ಲಿ ಕುಸಿದಳು. ಅವರು ಹಣೆ ಮುಟ್ಟಿ ನೋಡಿ, ಜಗಲಿಯ ಮೇಲೆ ಮಲಗಿಸಿ ಮಾತ್ರೆ ಕೊಟ್ಟರು.

"ಯಾರ್ಗೂ ಏಳ್ಬೇಡಿ ಅನ್ನು ಬಾಷಾ," ಎಂದು ಗೋಗರೆದಳು. ಬಾಷಾ ಹೇಳಿದ. ಡಾಕ್ಟರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸಾಕ್ಷಿ ಸಾಕ್ಷಿ ಎನ್ನುವ ಈ ಜನ ಸುಳ್ಳು ಹೇಳುತ್ತಾರೆಯೇ?

ಒಂಬತ್ತನೆಯ ಸಂಜೆ ಮುನಿವೆಂಕಟಯ್ಯ ಡಾಕ್ಟರರನ್ನೇ ಗುಡಿಗೆ ಕರೆಸಿದ. "ಇವ್ಳು ನಿಮ್ಮ ಜಗಲಿ ಮ್ಯಾಲೆ ಮಲಗಿದ್ನ ಕಂಡೋರವ್ರೆ. ಜರ ಇತ್ತಾ?"

ಡಾಕ್ಟರು ಸುಮ್ಮನೆ ನಿಂತರು. ಬಾಯಿ ಬಿಡಬೇಕಾಗಿಲ್ಲ ಎನ್ನುವುದು ಅವರ ದೇಶದ ಮಾತಿರಬಹುದು, ಇಲ್ಲಿ ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಅಷ್ಟರಲ್ಲಿ ಡಾಕ್ಟರು ಕರ್ಪೂರಕ್ಕೆ ಕೈ ಚಾಚಿದರು. ತಾವೇ ಕಡ್ಡಿ ಗೀರಿ ಹಚ್ಚಿದರು.

"ಜ್ವರ ಇಲ್ಲ," ಎಂದು ತಮಗೆ ಬರುವ ಕನ್ನಡದಲ್ಲಿ ಹೇಳಿ ಬಿಳಿ ಅಂಗೈಯನ್ನು ಉರಿಯ ಮೇಲೆ ಒತ್ತಿದರು.

ಮರುದಿನ ಬಾವಿಕಟ್ಟೆಯಲ್ಲಿ ಹೆಂಗಸರು ಸರಿದು ಅವಳಿಗೆ ಜಾಗ ಕೊಟ್ಟರು. ಮುನಿಕೃಷ್ಣಮ್ಮ ಅಲ್ಲಿ ನಿಲ್ಲಲಿಲ್ಲ. ಬಿಂದಿಗೆಯನ್ನು ಮನೆಯಲ್ಲಿಟ್ಟು ಹೆಬ್ಬಾಳಕ್ಕೆ ಓಡಿದಳು. ಸುಳ್ಳಾಣೆ ಇಟ್ಟವನು ಪರದೇಶದವನೆಂದು ಮಾರಮ್ಮ ಬಿಡುತ್ತಾಳೆಯೇ? ಇನ್ನು ಒಂಬತ್ತು ದಿನ ಆ ಮನುಷ್ಯನನ್ನು ಕಾಯಬೇಕಿತ್ತು.

ಡಾಕ್ಟರು ಕೈಗೆ ಬಟ್ಟೆ ಸುತ್ತಿಕೊಂಡು ಮೇಜಿನ ಮುಂದೆ ಕೂತಿದ್ದರು. ಒಮ್ಮೆ ಸೀನಿದರು. ಮುನಿಕೃಷ್ಣಮ್ಮ ಪೊರಕೆ ಬಿಸಾಡಿ, ಊರಿಗೆ ಕೇಳಿಸದಿರಲೆಂದು ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದಳು.