ಮರದಲ್ಲಿ ಕೆತ್ತಿದ ಮೂರು ರಿವಾಲ್ವರ್

ನನ್ನ ಅಕ್ಕ ಡೆಲ್ಫೀನ್ ಹೇಸರಗತ್ತೆಗಳ ಸಾಲು ಕಟ್ಟಿಕೊಂಡು ಅಮೆರಿಕದ ಐಡಹೋದ ಬೆಟ್ಟಗಳಿಗೆ ಸಾಮಾನು ಸಾಗಿಸುವವಳು. ರಸ್ತೆ ಮುಗಿಯುವ ಕಡೆ ಅವಳ ಕೆಲಸ ಶುರು. ಬೇಟೆಗೆ ಬಂದವರ ಡೇರೆ, ಕಾಡಿನ ಕಾವಲಿನವರ ಹಿಟ್ಟು, ಕಬ್ಬಿಣದ ಒಲೆ, ಒಮ್ಮೆ ಯಾರದೋ ಹಟಕ್ಕೆ ಒಂದು ಸ್ನಾನದ ತೊಟ್ಟಿ, ಎಲ್ಲವೂ ಅವಳ ಪ್ರಾಣಿಗಳ ಬೆನ್ನ ಮೇಲೆ ಹತ್ತಿವೆ. ಅವಳು ಸಾಲಿನ ಮುಂದೆ, ಅವಳ ಗಂಡ ಆರಿನ್ ಸಾಲಿನ ಬಾಲದಲ್ಲಿ. ಅಡುಗೆಯ ಪೆಟ್ಟಿಗೆ ಮತ್ತು ನಾನು ಎಲ್ಲಿ ಜಾಗ ಸಿಕ್ಕರೆ ಅಲ್ಲಿ.

ಹೋದ ಶರತ್ಕಾಲದಲ್ಲಿ ಮೇಬಲ್ ಎಂಬ ಹೇಸರಗತ್ತೆ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಕಾಲು ಜಾರಿ ಕೊರಕಲಿಗೆ ಬಿತ್ತು. ಮುಂಗಾಲು ಎರಡೂ ಮುರಿದವು. ಡೆಲ್ಫೀನ್ ತಾನು ಕೂತಿದ್ದ ಪ್ರಾಣಿಯಿಂದ ಹಾರಿ, ಕುಂಡೆಯ ಮೇಲೆ ಜಾರುತ್ತ ಕೆಳಗಿಳಿದಳು. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ, ಗುಂಡು ಹೊಡೆದು ಅದರ ನೋವು ಮುಗಿಸುವುದು; ಅದು ಅವಳಿಗೆ ಗೊತ್ತಿತ್ತು. ಆದರೆ ರಿವಾಲ್ವರ್ ಅವಳ ಹತ್ತಿರ ಇರಲಿಲ್ಲ. ಅದು ನಮ್ಮಪ್ಪನದು, ಆರಿಂಚಿಗೂ ಮೀರಿದ ನಳಿಕೆ, ಅಡಿಗಲ್ಲಿನಷ್ಟು ಭಾರ. ಕೂತರೆ ತೊಡೆಗೆ ಚುಚ್ಚುತ್ತದೆಂದು ಅವಳು ಅದನ್ನು ಜೀನಿನ ಚೀಲದಲ್ಲಿ ಇಡುತ್ತಿದ್ದಳು. ಗಾಬರಿಗೊಂಡ ಪ್ರಾಣಿ ಆ ಚೀಲದ ಸಮೇತ ದಾರಿಗುಂಟ ಓಡಿಹೋಗಿತ್ತು. ನಾವು ಅದನ್ನು ಹಿಡಿದು ತರುವವರೆಗೆ ಡೆಲ್ಫೀನ್ ಮೇಬಲ್‌ಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಏನೇನೋ ಮಾತಾಡುತ್ತ ಕೂತಿದ್ದಳು. ಬಹಳ ಹೊತ್ತಾಗಿತ್ತು.

ಚಳಿಗಾಲವಿಡೀ ಅವಳು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಅಂಗಳದ ಹಿಮ ಕರಗುತ್ತಿದ್ದಾಗ, ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಅಂದಳು:

"ಮೈಮೇಲಿಲ್ದೇ ಇರೋ ಬಂದೂಕು ಬಂದೂಕೇ ಅಲ್ಲ. ನಂಗೊಂದು ಗಿಡ್ಡ ರಿವಾಲ್ವರ್ ಬೇಕು. ಎರಡಿಂಚು ನಳಿಕೆದು."

ಆರಿನ್ ಮೊಟ್ಟೆ ತಿನ್ನುವುದನ್ನು ನಿಲ್ಲಿಸಿದ. "ಎರಡಿಂಚಾ? ಅದ್ರಲ್ಲಿ ನಮ್ಮನೆ ಗೋಡೆಗೆ ಹೊಡೆದ್ರೂ ತಪ್ಪೋಗುತ್ತೆ. ನಳಿಕೆ ಉದ್ದ ಇದ್ದಷ್ಟೂ ಗುರಿ ನೆಟ್ಟಗೆ. ಆರೇ ಸರಿ."

"ಆರಿಂಚು ಜೀನಿನ ಚೀಲದಲ್ಲಿ ನೆಟ್ಟಗೆ ಮಲಗಿತ್ತಲ್ಲ, ಆವತ್ತು."

ಆರಿನ್ ಮತ್ತೆ ಮೊಟ್ಟೆಗೆ ಕೈ ಹಾಕಿದ. ಆದರೆ ವಾದ ಅಲ್ಲಿಗೆ ನಿಲ್ಲಲಿಲ್ಲ. ಲೆಲ್ಯಾಂಡ್ ಪ್ರೂಯಿಟ್‌ನ ಬಂದೂಕಿನ ಅಂಗಡಿಯವರೆಗೂ ಮುಂದುವರಿಯಿತು. ಲೆಲ್ಯಾಂಡ್ ಬಂದೂಕಿನ ಜೊತೆ ಮೀನಿನ ಗಾಳವನ್ನೂ, ಹೆಂಡತಿ ಕರಿದ ಡೋನಟ್ಟನ್ನೂ ಮಾರುತ್ತಾನೆ. ಡೆಲ್ಫೀನ್, ಆರಿನ್ ಇಬ್ಬರ ಮಾತನ್ನೂ ಕೇಳಿ, ಒಂದೊಂದು ಡೋನಟ್ ಕೈಗಿಟ್ಟು, ಗಾಜಿನ ಕಪಾಟಿನ ಮೇಲೆ ಮೂರು ರಿವಾಲ್ವರ್ ಸಾಲಾಗಿ ಇಟ್ಟ: ಎರಡು, ನಾಲ್ಕು, ಆರಿಂಚಿನವು. ಡೆಲ್ಫೀನ್ ಮೂರನ್ನೂ ಹಿಡಿದು ನೋಡಿದಳು.

"ಮೂರೂ ಚೆನ್ನಾಗಿವೆ," ಅಂದಳು ಬೇಜಾರಿನಿಂದ.

"ಇಲ್ಲಿ ನಿಂತ್ಕೊಂಡು ಹಿಡಿದ್ರೆ ಎಲ್ಲಾ ಚೆನ್ನಾಗೇ ಇರ್ತವೆ ಡೆಲ್ಫೀನ್," ಅಂದ ಲೆಲ್ಯಾಂಡ್. "ಹಿಂದಿನ ಹಿತ್ಲಲ್ಲಿ ಹೊಡೆದು ನೋಡೋಕೆ ಕೊಡ್ತೀನಿ. ಆದ್ರೆ ಸೊಂಟಕ್ಕೆ ಕಟ್ಕೊಂಡು ಹೇಸರಗತ್ತೆಗೆ ಜೀನು ಬಿಗಿಯೋದು ನೀನು, ನಾನಲ್ಲ. ಮಾರದೇ ಇರೋ ಬಂದೂಕನ್ನ ಮನೆಗೆ ಕೊಟ್ಟು ಕಳ್ಸೋಕೂ ಆಗಲ್ಲ."

ಮನೆಗೆ ಬಂದವನೇ ಆರಿನ್ ಸೌದೆಯ ರಾಶಿಯಿಂದ ಪೈನ್ ಮರದ ತುಂಡುಗಳನ್ನು ಆರಿಸಿ ಒಲೆಯ ಮುಂದೆ ಕೂತ. ಚಾಕುವಿನಲ್ಲಿ ಮೂರು ರಿವಾಲ್ವರ್ ಕೆತ್ತಿದ. ಹಿಡಿ, ಗುಂಡಿನ ಉರುಳೆ, ನಳಿಕೆ, ಎಲ್ಲ ಅಳತೆಯಲ್ಲಿ. ತೂಕ ಬರಲೆಂದು ಒಳಗೆ ಕೊರೆದು ಗಾಳಕ್ಕೆ ಕಟ್ಟುವ ಸೀಸ ತುಂಬಿದ. ಕೆತ್ತುವಾಗ ಮೂಗು ಮರಕ್ಕೆ ತಾಗುವಷ್ಟು ಬಗ್ಗಿ ಕೂತಿದ್ದ. ಶ್ರದ್ಧೆ ಅಂದುಕೊಂಡೆ ನಾನು.

"ಒಂದೊಂದನ್ನೂ ಕೆಲವು ದಿನ ಕಟ್ಕೊಂಡು ಓಡಾಡು," ಅಂದ ಅವಳಿಗೆ. "ಆಮೇಲೆ ನೀನೇ ಹೇಳು."

ಹೀಗೆ ನನ್ನ ಅಕ್ಕ ತೊಗಲಿನ ಒರೆಯಲ್ಲಿ ಮರದ ರಿವಾಲ್ವರ್ ಸಿಕ್ಕಿಸಿಕೊಂಡು ಊರೆಲ್ಲ ತಿರುಗಿದಳು. ಊಟದ ಹೋಟೆಲಿನ ಫರ್ನ್ ಅದನ್ನು ನೋಡಿ ಸುಮ್ಮನಿರಲಿಲ್ಲ.

"ಡೆಲ್ಫೀನ್, ಗುಂಡೂ ಮರದ್ದೇನೇ?"

"ಇಲ್ಲ ಕಣೆ. ನೀನು ಮಾಡೋ ಬಿಸ್ಕತ್ತು ತುಂಬ್ಕೋತೀನಿ. ಅದಕ್ಕಿಂತ ಗಟ್ಟಿ ಈ ಕಣಿವೇಲಿ ಏನಿದೆ?"

ಪಕ್ಕದ ಮೇಜಿನವರು ಬಾಯಲ್ಲಿದ್ದ ಕಾಫಿ ಉಗುಳಿದರು. ಫರ್ನ್ ಕೋಪದಲ್ಲಿ ಅವಳ ತಟ್ಟೆಗೆ ಇನ್ನೂ ಎರಡು ಬಿಸ್ಕತ್ತು ಹಾಕಿದಳು. ಡೆಲ್ಫೀನ್ ಅವನ್ನೂ ತಿಂದಳು.

ಆದರೆ ಆಟದ ಸಾಮಾನು ನಿಜ ಹೇಳಿತು. ಆರಿಂಚಿನದು ಟ್ರಕ್ಕಿನಲ್ಲಿ ಕೂತ ಕೂಡಲೇ ಸೀಟಿಗೆ ಒತ್ತಿ, ಹಿಡಿ ಪಕ್ಕೆಲುಬಿಗೆ ಗುದ್ದುತ್ತಿತ್ತು. ಜೀನಿನ ಮೇಲೆ ಕಾಲು ಬೀಸಿ ಕೂರುವಾಗ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಎರಡಿಂಚಿನದು ಹೊತ್ತದ್ದೇ ಗೊತ್ತಾಗದಷ್ಟು ಹಗುರ. ಆದರೆ ನಳಿಕೆ ಗಿಡ್ಡ, ಹಿಡಿ ಭಾರ. ಮೂಟೆ ಎತ್ತಲು ಬಗ್ಗಿದಾಗ ತಲೆಭಾರಕ್ಕೆ ಹೊರಗೆ ವಾಲುತ್ತಿತ್ತು. ಒಂದು ದಿನ ಒರೆಯಿಂದ ಜಾರಿ ಸಗಣಿಯಲ್ಲಿ ಬಿತ್ತು. ನಾಲ್ಕಿಂಚಿನದನ್ನು ಅವಳು ಎಡಸೊಂಟದ ಮುಂದೆ ಓರೆಯಾಗಿ ಕಟ್ಟಿಕೊಂಡಳು. ಬಗ್ಗಿದರೂ, ಹತ್ತಿದರೂ, ಟ್ರಕ್ ಓಡಿಸಿದರೂ ಅದು ಇದ್ದಲ್ಲೇ ಇತ್ತು. ಒಂದು ಸಂಜೆ ಅದನ್ನು ಬಿಚ್ಚುವುದನ್ನೇ ಮರೆತು ಊಟಕ್ಕೆ ಕೂತಳು.

"ನಾಲ್ಕು," ಅಂದಳು ಆಲೂಗಡ್ಡೆ ಬಡಿಸಿಕೊಳ್ಳುತ್ತ.

"ಇಬ್ಬರದ್ದೂ ಸೋಲು. ನ್ಯಾಯ ಆಯ್ತು ಬಿಡು," ಅಂದ ಆರಿನ್.

ಇನ್ನು ಗುರಿಯ ಮಾತು. ನಳಿಕೆಯ ತುದಿಯ ಮೊನೆಯನ್ನು ಹಿಂದಿನ ಕಚ್ಚಿನ ನಡುವೆ ಕೂರಿಸಿದರೆ ತಾನೇ ಗುಂಡು ಹೇಳಿದ ಕಡೆ ಹೋಗುವುದು? ಲೆಲ್ಯಾಂಡ್‌ನ ಅಂಗಡಿಯ ಹಿಂದೆ ಮಣ್ಣಿನ ಗುಡ್ಡವಿದೆ, ಅದರ ಮುಂದೆ ದೇವದಾರು ಮರಗಳ ದಟ್ಟ ನೆರಳು. ಲೆಲ್ಯಾಂಡ್ ಅಲ್ಲೊಂದು ಕಾಗದದ ತಟ್ಟೆ ಕಟ್ಟಿ, ನಾಲ್ಕಿಂಚಿನ ರಿವಾಲ್ವರ್ ಕೊಟ್ಟ. ಡೆಲ್ಫೀನ್ ಎರಡು ಕೈಯಲ್ಲಿ ಹಿಡಿದು ನೋಡಿದಳು, ಇಳಿಸಿದಳು, ಕಣ್ಣು ಉಜ್ಜಿಕೊಂಡಳು, ಮತ್ತೆ ಎತ್ತಿದಳು.

"ಮೊನೆ ಕರೀದು, ನೆರಳೂ ಕಪ್ಪು. ಇದ್ದಿಲಿನ ಗೂಡಲ್ಲಿ ಕಾಗೆ ಹುಡುಕ್ದಂಗಿದೆ. ಕಾಣ್ತಾನೇ ಇಲ್ಲ."

"ಮೊನೆ ಸರಿಯಾಗೇ ಇದೆ," ಅಂದ ಆರಿನ್. "ನಂಗೆ ಚೆನ್ನಾಗ್ ಕಾಣ್ಸುತ್ತೆ."

"ಹಂಗಾದ್ರೆ ನೀನೇ ಹೊಡಿ."

ಹೊಡೆದ. ಉರುಳೆ ಖಾಲಿಯಾಗುವವರೆಗೆ ಹೊಡೆದ. ಗುಡ್ಡದಿಂದ ಮಣ್ಣು ಹಾರಿತು, ಆದರೆ ತಟ್ಟೆ ಮದುವೆಗೆ ಇಟ್ಟ ತಟ್ಟೆಯಂತೆ ಬೆಳ್ಳಗೆ ಹಾಗೇ ಇತ್ತು. ಈ ಮನುಷ್ಯ ಒಂದು ಕಾಲದಲ್ಲಿ ಬೇಲಿಯ ಮೇಲಿಟ್ಟ ಬಾಟಲಿಗಳನ್ನು ಮಾತಾಡುತ್ತ ಮಾತಾಡುತ್ತ ಒಡೆಯುತ್ತಿದ್ದವನು. ಲೆಲ್ಯಾಂಡ್ ಏನೋ ತಮಾಷೆ ಮಾಡಲು ಬಾಯಿ ತೆರೆದು, ಡೆಲ್ಫೀನಳ ಮುಖ ನೋಡಿ ಮುಚ್ಚಿಕೊಂಡ.

"ಆರಿನ್, ತಟ್ಟೆ ಎಲ್ಲಿದೆ ತೋರ್ಸು," ಅಂದಳು ಅವಳು ಮೆಲ್ಲಗೆ.

ಅವನು ಬೆರಳು ಮಾಡಿದ್ದು ಪಕ್ಕದಲ್ಲಿದ್ದ ಒಂದು ಬಿಳಿ ಕಲ್ಲಿನ ಕಡೆಗೆ.

ಆಮೇಲೆ ಡೆಲ್ಫೀನ್ ಕೇಳಿದಳು, "ಯಾವಾಗಿಂದ?"

"ಹೋದ ಬೇಸಿಗೆಯಿಂದ. ಮೊದಲು ಮಂಜು ಅಂದ್ಕೊಂಡೆ. ಆಮೇಲೆ ಮಂಜು ಹೋಗ್ಲೇ ಇಲ್ಲ."

"ಹೋದ ಬೇಸಿಗೆಯಿಂದ! ಆ ಕಣಿವೆ ದಾರೀಲಿ ಅಷ್ಟೂ ಹೇಸರಗತ್ತೆ ತುಂಬಿದ ಟ್ರೇಲರ್ ಓಡಿಸ್ದೆಯಲ್ಲೋ ಮುದುಕಾ!"

"ದಾರಿ ನಂಗೆ ಗೊತ್ತಲ್ಲ."

"ಎದುರಿಂದ ಬರೋ ಲಾರಿಗೆ ನೀನು ಗೊತ್ತಾ?"

ಆರಿನ್ ರಿವಾಲ್ವರನ್ನು ಲೆಲ್ಯಾಂಡ್‌ನ ಕೈಗೆ ಕೊಟ್ಟು, ಮರದ ಬುಡದ ಮೇಲೆ ಕೂತ. ಟೋಪಿ ತೆಗೆದು ಅದರ ಒಳಗೆ ನೋಡುತ್ತ ಮಾತಾಡಿದ. "ಹೇಳಿದ್ರೆ ನೀನು ನನ್ನ ಮನೇಲಿ ಕೂರಿಸ್ತೀಯ. ಕೂರಿಸ್ಲೂಬೇಕು. ಸಾಲಿನ ಬಾಲದಲ್ಲಿ ಇರೋನಿಗೆ ಕಣ್ಣು ಇರ್ಬೇಕು. ನೀನು ಬೆಟ್ಟಕ್ಕೆ ಹೋಗ್ತಿರ್ತೀಯ, ನಾನು ಕಿಟಕಿ ಹತ್ರ ರೇಡಿಯೊ ಕೇಳ್ತಿರ್ತೀನಿ. ಅದನ್ನ ನೆನೆಸ್ಕೊಂಡ್ರೇ ಊಟ ಸೇರ್ತಿರ್ಲಿಲ್ಲ ಡೆಲ್ಫಿ."

ನನ್ನ ಅಕ್ಕ ಬೈಯುತ್ತಾಳೆ ಅಂದುಕೊಂಡೆ. ಅವಳು ಅವನ ಪಕ್ಕ ಕೂತು, ಅವನ ಜೇಬಿಗೆ ಕೈ ಹಾಕಿ ಟ್ರಕ್ಕಿನ ಬೀಗದ ಕೈ ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ನಂತರ ಅವನ ಕೈಯನ್ನು ಹಿಡಿದುಕೊಂಡೇ ಲೆಲ್ಯಾಂಡ್‌ಗೆ ಹೇಳಿದಳು, "ರಿವಾಲ್ವರ್ ಆಮೇಲೆ. ಮೊದಲು ಇವನ ಕಣ್ಣು."

ದೊಡ್ಡ ಊರಿನ ಕಣ್ಣಿನ ಡಾಕ್ಟರು, ಒಬ್ಬ ಹುಡುಗಿಯಂಥ ಹೆಂಗಸು, ದೀಪ ಬಿಟ್ಟು ನೋಡಿ ನಕ್ಕೇಬಿಟ್ಟಳಂತೆ. ಎರಡೂ ಕಣ್ಣಿಗೆ ಪೊರೆ, ಅಷ್ಟೇ. ತೆಗೆದರೆ ಹೋಯಿತು. ಇಷ್ಟು ಸಣ್ಣದಕ್ಕೆ ಇಷ್ಟು ದಿನ ಹೆದರಿದೆನಲ್ಲ ಎಂದು ಆರಿನ್‌ಗೆ ನಾಚಿಕೆ. ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಕೊನೆಯ ಪಟ್ಟಿ ಬಿಚ್ಚಿದ ದಿನ ಅವನು ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಸುತ್ತ ನೋಡಿದ.

"ಈ ತಟ್ಟೆಗಳನ್ನ ತೊಳೆದಿದ್ದು ಯಾರು?"

"ನೀನೇ," ಅಂದೆವು ನಾವಿಬ್ಬರೂ ಒಟ್ಟಿಗೆ.

ಅವನು ಅಂಗಿಯ ತೋಳು ಮಡಚಿ, ಕಪಾಟಿನಲ್ಲಿದ್ದದ್ದೆಲ್ಲ ಹೊರಗೆ ತೆಗೆದು ಮತ್ತೆ ತೊಳೆದ.

ಅದಾದ ಮೇಲೆ ಮತ್ತೆ ಲೆಲ್ಯಾಂಡ್‌ನ ಹಿತ್ತಿಲು. ಈಗ ಆರಿನ್‌ಗೆ ಕರಿ ಮೊನೆಯೂ ಕಾಣುತ್ತಿತ್ತು, ಆದರೆ ಅವನು ಬಾಯಿ ಹಾಕಲಿಲ್ಲ. ಹೊತ್ತುಕೊಳ್ಳುವವಳು ಡೆಲ್ಫೀನ್, ಕಾಣಬೇಕಾದದ್ದೂ ಅವಳಿಗೆ. ಲೆಲ್ಯಾಂಡ್ ಬೇರೆ ಬೇರೆ ಮೊನೆಯ ರಿವಾಲ್ವರ್‌ಗಳನ್ನು ಒಂದೊಂದಾಗಿ ಅವಳ ಕೈಗಿಟ್ಟ. ಕೆಂಪು ಬಣ್ಣದ ಮೊನೆ ಬಿಸಿಲಲ್ಲಿ ಹೂವಿನಂತೆ ಹೊಳೆಯಿತು, ಮರದ ನೆರಳಿಗೆ ಬಂದ ಕೂಡಲೇ ಕಂದಾಯಿತು. ಬಿಳಿ ಬಣ್ಣದ್ದು ಪರವಾಗಿರಲಿಲ್ಲ, ಆದರೆ ನಮ್ಮ ಕಡೆ ವರ್ಷದ ಅರ್ಧ ನೆಲವೆಲ್ಲ ಹಿಮ, ಬಿಳಿಯ ಮೇಲೆ ಬಿಳಿ ಏನು ಪ್ರಯೋಜನ? ಹಸಿರು ಬೆಳಕಿನ ಸಣ್ಣ ಕಡ್ಡಿ ಕೂರಿಸಿದ್ದೂ ಒಂದಿತ್ತು. ಮಿಂಚುಹುಳದಂತೆ ಎದ್ದು ಕಾಣುತ್ತಿತ್ತು.

"ಇದು ಚೆನ್ನಾಗಿದೆ," ಅಂದಳು.

"ಚೆನ್ನಾಗಿದೆ, ನಿಜ," ಅಂದ ಲೆಲ್ಯಾಂಡ್. "ಆದ್ರೆ ನೀನು ದಿನಾ ಹಗ್ಗ, ಕೊಕ್ಕೆ, ಮುಳ್ಳುಕಂಟಿ ಮಧ್ಯೆ ಇರೋಳು. ಕಡ್ಡಿ ಮುರಿದ್ರೆ ಬೆಟ್ಟದ ಮೇಲೆ ಯಾರು ಹಾಕ್ಕೊಡ್ತಾರೆ?"

ಕೊನೆಗೆ ಬಂದದ್ದು ಹಳೆಯ ಕಾಲದ್ದು: ಮೊನೆಯ ತುದಿಗೆ ಹಿತ್ತಾಳೆಯ ಒಂದು ಸಣ್ಣ ಮಣಿ, ಹಿಂದೆ ಅಗಲವಾದ ಕಚ್ಚು. ಡೆಲ್ಫೀನ್ ನೆರಳಿನಲ್ಲಿ ಅದನ್ನು ಎತ್ತಿದಳು. ಎಲ್ಲಿಂದಲೋ ಬಂದ ಚೂರು ಬೆಳಕು ಆ ಮಣಿಯಲ್ಲಿ ಕೂತಿತು. ಅವಳ ಭುಜ ಸಡಿಲವಾದದ್ದು ನನಗೆ ದೂರದಿಂದಲೇ ಕಂಡಿತು. ನಿಧಾನವಾಗಿ ಒಂದೊಂದೇ ಹೊಡೆದಳು. ತಟ್ಟೆಯ ನಡುವೆ ಒಂದು ಅಂಗೈಯಲ್ಲಿ ಮುಚ್ಚಬಹುದಾದಷ್ಟು ಜಾಗದಲ್ಲಿ ತೂತುಗಳಾದವು.

"ಇದೇ," ಅಂದಳು. ಲೆಲ್ಯಾಂಡ್ ಒಳಗೆ ಹೋಗಿ ಒಂದು ತೊಗಲಿನ ಒರೆಯನ್ನೂ ತಂದ.

ಜೂನ್‌ನಲ್ಲಿ ಹಿಮ ಕರಗಿ ಬೆಟ್ಟದ ದಾರಿ ತೆರೆಯಿತು. ಮೊದಲ ಪಯಣದಲ್ಲಿ ಹುಲ್ಲುಗಾವಲಿನ ಪಕ್ಕ ಡೇರೆ ಹಾಕಿದ್ದೆವು. ನಡುಹಗಲಿನಲ್ಲಿ ನಾನು ತೊರೆಯಿಂದ ನೀರು ತರುವಾಗ ಹೇಸರಗತ್ತೆಗಳು ಕಿವಿ ನೆಟ್ಟಗೆ ಮಾಡಿ ಹಗ್ಗ ಜಗ್ಗತೊಡಗಿದವು. ನೋಡಿದರೆ, ನನ್ನ ಅಡುಗೆಪೆಟ್ಟಿಗೆಯ ಮೇಲೆ ಒಂದು ಕರಡಿ. ಪ್ರಾಯದ್ದು, ಕೊಬ್ಬಿದ್ದು, ಹಿಟ್ಟಿನಲ್ಲಿ ಮುಖ ಅದ್ದಿಕೊಂಡಿದೆ. ನಾನು ಕೊಡ ಬಡಿದು ಕೂಗಿದೆ. ಅದು ಹೋಗಲಿಲ್ಲ, ನನ್ನ ಕಡೆ ಎರಡು ಹೆಜ್ಜೆ ಬಂತು.

ಡೆಲ್ಫೀನ್ ಗೊರಸು ತೊಳೆಯುತ್ತ ಬಗ್ಗಿದ್ದವಳು ಎದ್ದಳು. ಕೈ ಹೋದದ್ದೂ ಒರೆಯಿಂದ ರಿವಾಲ್ವರ್ ಬಂದದ್ದೂ ಒಂದೇ ಚಲನೆ, ಎಲ್ಲೂ ಸಿಕ್ಕಲಿಲ್ಲ. ಕರಡಿಯ ಪಕ್ಕದಲ್ಲಿ ಬಿದ್ದಿದ್ದ ಒಣಮರಕ್ಕೆ ಒಂದು ಗುಂಡು ಹೊಡೆದಳು. ಚಕ್ಕೆ ಕರಡಿಯ ಕಿವಿಯ ಬಳಿ ಹಾರಿತು. ಅದು ಹಿಂಗಾಲು ಮುಂಗಾಲಿಗೆ ಸಿಕ್ಕುವ ಹಾಗೆ ಓಡಿ ಗುಡ್ಡ ಹತ್ತಿತು.

ಹುಲ್ಲುಗಾವಲಿನ ಆ ಕೊನೆಯಿಂದ ಆರಿನ್ ಕೂಗಿದ, "ಅದರ ಎದೆ ಮೇಲೆ ಬಿಳಿ ಮಚ್ಚೆ ಇತ್ತು, ನೋಡಿದ್ಯಾ ಡೆಲ್ಫಿ? ಹಿಟ್ಟಲ್ಲ, ಮಚ್ಚೆ! ಇಲ್ಲಿಂದಾನೇ ಕಾಣ್ತು ನಂಗೆ!"

ಡೆಲ್ಫೀನ್ ರಿವಾಲ್ವರನ್ನು ಒರೆಗೆ ಸೇರಿಸಿ ನಗತೊಡಗಿದಳು. ನಗುತ್ತ ನಗುತ್ತ ಸೊಂಟ ಹಿಡಿದುಕೊಂಡಳು.

ಹಿಟ್ಟು ಹೋಗಿತ್ತು, ಹಾಗಾಗಿ ಪ್ಯಾನ್‌ಕೇಕ್ ಇಲ್ಲ. ಆರಿನ್ ತೊರೆಯಲ್ಲಿ ಮೀನು ಹಿಡಿದು ತಂದ, ನಾನು ಈರುಳ್ಳಿ ಹಾಕಿ ಹುರಿದೆ, ಮೂವರೂ ಬೆರಳು ನೆಕ್ಕುತ್ತ ತಿಂದೆವು. ಊಟವಾದ ಮೇಲೆ ನನ್ನ ಅಕ್ಕ ಸೊಂಟದ ಪಟ್ಟಿಯನ್ನೂ ಬಿಚ್ಚದೆ ಹುಲ್ಲಿನ ಮೇಲೆ ಕಾಲು ಚಾಚಿ, ಅಲ್ಲೇ ನಿದ್ದೆ ಹೋದಳು. ಆರಿನ್ ತನ್ನ ಟೋಪಿ ತೆಗೆದು ಬಿಸಿಲಿಗೆ ಅಡ್ಡವಾಗಿ ಅವಳ ಮುಖದ ಮೇಲಿಟ್ಟು, ಬೋಳುತಲೆಯಲ್ಲಿ ಪಕ್ಕಕ್ಕೆ ಕೂತು, ಮೇಯುತ್ತಿದ್ದ ಹೇಸರಗತ್ತೆಗಳನ್ನು ನೋಡುತ್ತಿದ್ದ.